ಆ ದುಡ್ಡು ಹೆಂಡತಿದಲ್ಲ, ಮಗುವಿನದು

ಇವತ್ತು ವಿಧಾನಸೌಧ ಬೇಡ, ದೆಹಲಿ ಬೇಡ. ಸೊಕ್ಕೆಗೆ ಹೋಗೋಣ.

ದಾವಣಗೆರೆ ಜಿಲ್ಲೆ, ಜಗಳೂರು ತಾಲ್ಲೂಕಿನ ಒಂದು ಹೋಬಳಿ ಸೊಕ್ಕೆ. 1997ರವರೆಗೂ ಈ ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಜಿಲ್ಲೆ ಬದಲಾಯಿತು, ಬರ ಬದಲಾಗಲಿಲ್ಲ. ಮಳೆ ನಂಬಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಹಾಕೋ ಸೀಮೆ ಅದು. ಮಳೆ ಕೈಕೊಟ್ಟ ವರ್ಷ ಗಂಡಸರು ಬೆಂಗಳೂರಿನ ಬಸ್ ಹತ್ತುತ್ತಾರೆ, ಇಲ್ಲವೇ ಕಾಫಿ ತೋಟದ ಕಡೆ ಹೋಗುತ್ತಾರೆ. ಹೋದವರಲ್ಲಿ ಹೆಚ್ಚಿನವರು ವಾಪಸ್ ಬರುತ್ತಾರೆ. ಕೆಲವರು ಬರೋದಿಲ್ಲ.

ಬಾರದವನ ಮನೆ ಒಂದನ್ನು ಅಂದುಕೊಳ್ಳಿ. ಹೆಸರು ಬೇಡ, ಇದು ಒಬ್ಬರ ಕಥೆ ಅಲ್ಲ. ಹೆಣ್ಣುಮಗಳು ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಾಳೆ. ಊರ ಹಿರಿಯರು ಕಟ್ಟೆ ಮೇಲೆ ಕೂರುತ್ತಾರೆ. "ಐವತ್ತು ಸಾವಿರ ಕೊಟ್ಟುಬಿಡಪ್ಪ, ಮುಂದೆ ನಿನಗೂ ಅವಳಿಗೂ ಸಂಬಂಧ ಇಲ್ಲ" ಅಂತ ಬಾಂಡ್ ಪೇಪರ್ ಮೇಲೆ ಬರೆಸುತ್ತಾರೆ. ಅವಳು ಸಹಿ ಹಾಕುತ್ತಾಳೆ. ಎಲ್ಲರೂ ಟೀ ಕುಡಿದು ಎದ್ದು ಹೋಗುತ್ತಾರೆ. ಪಂಚಾಯ್ತಿ ಮುಗೀತು.

ಮುಗಿದಿಲ್ಲ ಸ್ವಾಮಿ! ನಾನು ಇವತ್ತು ಹೇಳಬೇಕಾದ್ದು ಇಲ್ಲೇ ಶುರುವಾಗೋದು. ಆ ಕಾಗದಕ್ಕೆ ಅವಳು ಸಹಿ ಹಾಕಿರಬಹುದು, ಮಕ್ಕಳು ಹಾಕಿಲ್ಲ. ಮಗುವಿನ ಜೀವನಾಂಶ ಮಗುವಿನ ಹಕ್ಕು. ತಾಯಿ "ನನಗೇನೂ ಬೇಡ" ಅಂತ ಬರೆದುಕೊಟ್ಟರೂ ಮಗುವಿನ ಪಾಲನ್ನು ಬಿಟ್ಟುಕೊಡೋಕೆ ಅವಳಿಗೆ ಅಧಿಕಾರ ಇಲ್ಲ. ನಮ್ಮ ಜನ ಈ ದುಡ್ಡನ್ನು 'ಹೆಂಡತಿಗೆ ಕೊಡೋದು' ಅಂತಾರೆ. ಆ ಒಂದು ಮಾತಿನಿಂದಲೇ ಅರ್ಧ ಜಗಳ. ಅವನಿಗೆ ಅವಳ ಮೇಲೆ ಸಿಟ್ಟು, ಸಿಟ್ಟು ಬಂದಾಗಲೆಲ್ಲ ದುಡ್ಡು ನಿಲ್ಲುತ್ತೆ. ಸ್ಕೂಲ್ ಫೀಸ್ ಕಟ್ಟದೆ ಹೊರಗೆ ನಿಲ್ಲೋದು ಯಾರು? ಅವಳಲ್ಲ, ಮಗು.

ಕಾನೂನು ಏನು ಹೇಳುತ್ತೆ? ಹಿಂದೆ ಅದು ಸಿಆರ್‌ಪಿಸಿ 125ನೇ ಸೆಕ್ಷನ್. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್. ನಂಬರ್ ಬದಲಾಗಿದೆ, ತಿರುಳು ಅದೇ. ಶಕ್ತಿ ಇದ್ದೂ ಮಗುವನ್ನು ಸಾಕದವನಿಗೆ ತಿಂಗಳು ತಿಂಗಳು ಕೊಡು ಅಂತ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಮದುವೆಯಿಂದ ಹುಟ್ಟಿದ ಮಗುವೇ ಆಗಬೇಕು ಅಂತಿಲ್ಲ. ಜಾತಿ ಧರ್ಮದ ಪ್ರಶ್ನೆಯೂ ಇಲ್ಲ. ವಿಚ್ಛೇದಿತ ಮುಸ್ಲಿಂ ದಂಪತಿಯ ಮಕ್ಕಳಿಗೂ ಇದೇ ಸೆಕ್ಷನ್ ಅನ್ವಯ ಅಂತ 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಒಂದು ಕಾಲಕ್ಕೆ ಇದಕ್ಕೆ ತಿಂಗಳಿಗೆ 500 ರೂಪಾಯಿ ಅನ್ನೋ ಮಿತಿ ಇತ್ತು ಗೊತ್ತಾ? 2001ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಅದೇ ತಿದ್ದುಪಡಿಯಲ್ಲಿ ಮಧ್ಯಂತರ ಜೀವನಾಂಶವೂ ಬಂತು. ನೋಟಿಸ್ ಮುಟ್ಟಿದ 60 ದಿನದೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಅದನ್ನು ತೀರ್ಮಾನಿಸಬೇಕು. 'ಸಾಧ್ಯವಾದಷ್ಟು ಮಟ್ಟಿಗೆ' ಅನ್ನೋ ಆ ಎರಡು ಪದಗಳಲ್ಲಿ ಎಷ್ಟು ಮಕ್ಕಳ ಬಾಲ್ಯ ಕಳೆದುಹೋಗಿದೆಯೋ! 2014ರಲ್ಲಿ ಭುವನ್ ಮೋಹನ್ ಸಿಂಗ್ ಪ್ರಕರಣ ಸುಪ್ರೀಂ ಕೋರ್ಟ್ ಮುಂದೆ ಬಂದಾಗ, ಕೆಳಗಿನ ಕೋರ್ಟಿನಲ್ಲೇ ಅದು ಒಂಬತ್ತು ವರ್ಷ ನಡೆದಿತ್ತು.

"ಅವನು ಬೆಂಗಳೂರಲ್ಲಿದ್ದಾನೆ, ನಾನು ಅಲ್ಲಿಗೆ ಓಡಾಡೋಕಾಗುತ್ತಾ?" ಓಡಾಡಬೇಕಿಲ್ಲ ತಾಯಿ. ನೀವು ಈಗ ಎಲ್ಲಿ ವಾಸ ಇದ್ದೀರೋ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಸೊಕ್ಕೆಯ ತವರಲ್ಲಿದ್ದರೆ ಜಗಳೂರಿಗೆ ಬಂದರಾಯಿತು. ಓಡಾಡಬೇಕಾದ್ದು ಅವನು. ಆದೇಶ ಆದಮೇಲೆ ಅದನ್ನು ಅವನಿರುವ ಊರಿನ ಮ್ಯಾಜಿಸ್ಟ್ರೇಟ್ ಕೂಡ ಜಾರಿ ಮಾಡಬಹುದು.

ಎರಡನೇ ತಕರಾರು ಅವನದು. "ನನಗೆ ಆದಾಯವೇ ಇಲ್ಲ." ಸೆಂಟ್ರಿಂಗ್ ಕೆಲಸದವನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ನಿಜ. ಆದರೆ 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಒಳ್ಳೆ ಕೆಲಸ ಮಾಡಿತು. ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು ಅಂತು. ಅದರಲ್ಲಿ ಕೃಷಿಕರಿಗೆ ಬೇರೆಯೇ ನಮೂನೆ ಇದೆ. ಎಷ್ಟು ಜಮೀನು? ನೀರಾವರಿಯೋ ಖುಷ್ಕಿಯೋ? ಯಾವ ಬೆಳೆ? ದನ ಕರು ಇದೆಯಾ? ನಮ್ಮ ಸೀಮೆಯ ಪ್ರಶ್ನೆಗಳು ಇವು. ಪಹಣಿ ಈಗ ಕಂಪ್ಯೂಟರಿನಲ್ಲೇ ಸಿಗುತ್ತೆ, ಸರ್ವೆ ನಂಬರ್ ಗೊತ್ತಿದ್ದರೆ ಸಾಕು. ಇನ್ನು ಗಟ್ಟಿಮುಟ್ಟಾಗಿರೋ ಗಂಡಸು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಅಂತ 2022ರ ಅಂಜು ಗರ್ಗ್ ತೀರ್ಪು ಹೇಳಿದೆ. ಕೆಲಸ ಇಲ್ಲ ಅನ್ನೋದು ಉತ್ತರ ಅಲ್ಲ.

"ಅವಳಿಗೆ ಗೃಹಲಕ್ಷ್ಮಿ ಎರಡು ಸಾವಿರ ಬರುತ್ತಲ್ಲ?" ಅಂತ ಕೇಳೋ ಮಹಾನುಭಾವರೂ ಇದ್ದಾರೆ. ಅಲ್ಲಪ್ಪ, ಅದು ಸರ್ಕಾರ ಕೊಡೋದು. ಸರ್ಕಾರ ನಿನ್ನ ಮಗುವಿನ ಅಪ್ಪನಾ?

ಅವಳೂ ದುಡಿಯುತ್ತಿದ್ದರೆ? ಆಗ ಅವಳ ಪಾಲೂ ಇದೆ, ಮುಚ್ಚುಮರೆ ಏನಿಲ್ಲ. ಪದ್ಮಜಾ ಶರ್ಮಾ ಪ್ರಕರಣ, 2000ನೇ ಇಸವಿ. ಗಂಡ ಹೆಂಡತಿ ಇಬ್ಬರೂ ಸಂಬಳದವರು, ಅವನದು ಅವಳದ್ದಕ್ಕಿಂತ ಎರಡು ಪಟ್ಟು. ಮಕ್ಕಳ ಖರ್ಚನ್ನೂ ಅದೇ ಲೆಕ್ಕದಲ್ಲಿ, ಎರಡು ಪಾಲು ಅವನು, ಒಂದು ಪಾಲು ಅವಳು, ಅಂತ ಹಂಚಿದರು. ನನಗೆ ಇದು ನ್ಯಾಯ ಅನಿಸುತ್ತೆ.

ಈಗ ಅಸಲಿ ವಿಷಯಕ್ಕೆ ಬರುತ್ತೀನಿ, ಸ್ವಲ್ಪ ಗಮನ ಕೊಟ್ಟು ಕೇಳಿ. ಆದೇಶ ಸಿಕ್ಕಿತು ಅಂದಮಾತ್ರಕ್ಕೆ ದುಡ್ಡು ಸಿಕ್ಕ ಹಾಗಲ್ಲ. ಅಮೆರಿಕದಲ್ಲಿ 1975ರಿಂದಲೇ ಇದಕ್ಕೊಂದು ಸರ್ಕಾರಿ ವ್ಯವಸ್ಥೆ ಇದೆ, ಅಪ್ಪನ ಸಂಬಳದಿಂದಲೇ ಕಡಿತ ಮಾಡಿಸುತ್ತಾರೆ. ನಮ್ಮಲ್ಲಿ ವಸೂಲಿ ಮಾಡಿಕೊಡೋ ಇಲಾಖೆ ಅಂತ ಒಂದಿಲ್ಲ. ಅವನು ಕೊಡದಿದ್ದರೆ ಅವಳೇ ಮತ್ತೆ ಅರ್ಜಿ ಹಾಕಬೇಕು. ಹಾಕಿದರೆ ವಾರಂಟ್ ಹೊರಡುತ್ತೆ, ಜಪ್ತಿ ಆಗಬಹುದು. ಆಮೇಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. "ಜೈಲಿಗೆ ಹೋಗಿ ಬಂದೆ, ಲೆಕ್ಕ ಚುಕ್ತಾ" ಅನ್ನೋ ಹಾಗಿಲ್ಲ. ಜೈಲು ದುಡ್ಡು ಕಕ್ಕಿಸೋ ದಾರಿಯೇ ಹೊರತು ದುಡ್ಡಿಗೆ ಬದಲಿ ಅಲ್ಲ ಅಂತ 1988ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ತೀರ್ಮಾನ ಆಗಿದೆ.

ಆದರೆ ಇದರಲ್ಲೊಂದು ಗುಂಡಿ ಇದೆ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ಲೆಕ್ಕ ಹಾಕೋಣ. ತಿಂಗಳಿಗೆ 3,000 ರೂಪಾಯಿ ಆದೇಶ ಆಗಿದೆ ಅನ್ನಿ. ಅವನು ಎರಡೂವರೆ ವರ್ಷ ಕೊಡಲಿಲ್ಲ. ಬಾಕಿ 90,000. "ಇವತ್ತು ಕೊಡ್ತಾನೆ, ನಾಳೆ ಕೊಡ್ತಾನೆ, ಹಬ್ಬಕ್ಕೆ ಬಂದಾಗ ಕೊಡ್ತಾನೆ" ಅಂತ ಅವಳು ಕಾದಳು. ಆಮೇಲೆ ಹೋಗಿ ಅರ್ಜಿ ಹಾಕಿದರೆ, ವಾರಂಟಿನ ದಾರಿಯಲ್ಲಿ ಸಿಗೋದು ಕಡೆಯ ಹನ್ನೆರಡು ತಿಂಗಳದು. 36,000. ಉಳಿದ 54,000? ಹಕ್ಕು ಸತ್ತಿಲ್ಲ, 2013ರ ಪೂಂಗೋಡಿ ತೀರ್ಪಿನಲ್ಲಿ ಕೋರ್ಟು ಅದನ್ನು ಸ್ಪಷ್ಟ ಮಾಡಿದೆ. ಆದರೆ ಅದಕ್ಕೆ ಬೇರೆ ದಾರಿ ಹಿಡಿಯಬೇಕು, ಆ ದಾರಿ ಉದ್ದ. ಸಹನೆಗೆ ಬಿದ್ದ ದಂಡ ಇದು. ನಮ್ಮ ಹೆಣ್ಣುಮಕ್ಕಳಿಗೆ ಸಹಿಸಿಕೋ ಅಂತ ಹೇಳಿಕೊಡೋರೂ ನಾವೇ ಅಲ್ವಾ?

ಅವನು ಸಂಬಳದವನಾದರೆ ಇನ್ನೊಂದು ಮಾತು. ಸಾಮಾನ್ಯ ಸಾಲದ ಡಿಕ್ರಿಗೆ ಸಂಬಳದಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಮಾತ್ರ ಜಪ್ತಿ ಮಾಡಬಹುದು. ಜೀವನಾಂಶದ ಡಿಕ್ರಿಯಾದರೆ ಮೂರನೇ ಎರಡು ಭಾಗದವರೆಗೂ ಹಿಡಿಯಬಹುದು. ಸಾಲಗಾರನಿಗಿಂತ ಮಗು ದೊಡ್ಡದು ಅಂತ ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಒಪ್ಪಿಕೊಂಡಿದೆ.

ಹದಿನೆಂಟು ತುಂಬಿದ ಮೇಲೆ? 144ನೇ ಸೆಕ್ಷನ್ ಅಡಿ ಗಂಡುಮಗುವಿಗೆ ಅಲ್ಲಿಗೆ ನಿಲ್ಲುತ್ತೆ, ಅಂಗವೈಕಲ್ಯ ಇದ್ದರೆ ಮಾತ್ರ ಮುಂದುವರಿಯುತ್ತೆ. ಪಿಯುಸಿ ಮುಗಿಸಿ ಡಿಗ್ರಿಗೆ ಸೇರೋ ಹೊತ್ತಿಗೇ ಸರಿಯಾಗಿ ನಿಲ್ಲೋದು! ಇದು ಬದಲಾಗಬೇಕು ಅಂತ ನನ್ನ ಅಭಿಪ್ರಾಯ. ಮದುವೆಯಾಗದ ಹಿಂದೂ ಹೆಣ್ಣುಮಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಆಸರೆ ಇದೆ, ತನ್ನ ಕಾಲ ಮೇಲೆ ನಿಲ್ಲೋಕಾಗದಿದ್ದರೆ.

ಅಪ್ಪಂದಿರ ಕಡೆಯಿಂದಲೂ ಒಂದು ಮಾತಿದೆ, ಅದನ್ನೂ ಹೇಳಿಬಿಡ್ತೀನಿ. "ಮಗು ಮುಖ ನೋಡೋಕೂ ಬಿಡಲ್ಲ, ದುಡ್ಡು ಮಾತ್ರ ಬೇಕಾ?" ಈ ನೋವು ಸುಳ್ಳಲ್ಲ. ಮಗುವಿಗೆ ಅಪ್ಪನೂ ಬೇಕು. ಅದಕ್ಕೆ ಪೋಷಕರ ಕಾಯ್ದೆ ಇದೆ, 1890ರದ್ದು, ಭೇಟಿಗೆ ಅವಕಾಶ ಕೊಡಿ ಅಂತ ಕೋರ್ಟಿಗೆ ಹೋಗಬಹುದು. ಆದರೆ ಅದೂ ಇದೂ ಗಂಟು ಹಾಕಬೇಡಿ. ನೋಡೋಕೆ ಬಿಡಲಿಲ್ಲ ಅಂತ ನೀವು ದುಡ್ಡು ನಿಲ್ಲಿಸಿದರೆ, ದುಡ್ಡು ಬರಲಿಲ್ಲ ಅಂತ ಅವಳು ಬಾಗಿಲು ಹಾಕಿದರೆ, ಎರಡರ ನಡುವೆ ಸಿಕ್ಕೋದು ಐದು ವರ್ಷದ ಒಂದು ಜೀವ.

ವಕೀಲರಿಗೆ ದುಡ್ಡಿಲ್ಲ ಅನ್ನೋರಿಗೆ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತೆ. ಫೋನ್ ಮಾಡೋದಾದರೆ 15100. ಹೋಗುವಾಗ ಮಕ್ಕಳ ಜನನ ಪ್ರಮಾಣಪತ್ರ, ಶಾಲೆ ರಸೀದಿ, ಆಸ್ಪತ್ರೆ ಚೀಟಿ, ಅವನ ಕಡೆಯ ಪಹಣಿ ಜೊತೆಗಿರಲಿ. ಅರ್ಜಿ ಬೇಗ ಹಾಕಿ, ಯಾಕೆಂದರೆ ಆದೇಶ ಯಾವಾಗಲೇ ಬರಲಿ, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಅಂತ ಅದೇ ರಜನೀಶ್ ತೀರ್ಪು ಹೇಳಿದೆ. ಆದೇಶ ಆದ ದಿನ ಅದರ ಒಂದು ಪ್ರತಿ ಕೇಳಿ ತಗೊಳ್ಳಿ. ಅದಕ್ಕೆ ಒಂದು ಪೈಸೆ ಕೊಡಬೇಕಿಲ್ಲ, ಪುಕ್ಕಟೆ ಕೊಡಬೇಕು ಅಂತ ಕಾನೂನಿನಲ್ಲೇ ಬರೆದಿದೆ.