ಭಾನುವಾರಕ್ಕೊಂದು ಕಾಂಟಾಟಾ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಯುರೋಪಿನ ಬರೋಕ್ ಸಂಗೀತವೆಂದರೆ (ಸುಮಾರು 1600ರಿಂದ 1750) ಬರಿಯ ಅರಮನೆಯ ವೈಭವವೆಂದು ಹಲವರ ಎಣಿಕೆ. ಆದರೆ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಬಾಖನು ನಗರಸಭೆಯ ಸಂಬಳಗಾರನಾಗಿದ್ದನು. 1723ರಲ್ಲಿ ಸೇರಿದವನು ಮೊದಲ ಕೆಲವು ವರ್ಷ ಹೆಚ್ಚುಕಡಿಮೆ ಭಾನುವಾರಕ್ಕೊಂದರಂತೆ ಇಗರ್ಜಿಗೆ ಕಾಂಟಾಟಾ ಒದಗಿಸಿದನು. ಅದರಲ್ಲಿ ಸಾಮಾನ್ಯವಾಗಿ ಮೊದಲು ವೃಂದಗಾನ. ನಡುವೆ ಮಾತಿನ ಧಾಟಿಯ ರೆಸಿಟೆಟಿವ್, ಒಬ್ಬರೇ ವಿಸ್ತರಿಸಿ ಹಾಡುವ ಏರಿಯಾ. ಕೊನೆಗೆ ಊರವರೆಲ್ಲ ಬಲ್ಲ ಸ್ತುತಿಯ ಮಟ್ಟು. ತಳದಲ್ಲಿ ಮಂದ್ರಸ್ವರಗಳ ಆಧಾರ. ನಮ್ಮ ಶ್ರುತಿಯಂತೆ ನಿಂತಲ್ಲಿ ನಿಲ್ಲದು, ನಡೆಯುತ್ತಲೇ ಇರುತ್ತದೆ. ಅಷ್ಟೆಲ್ಲ ಪಾಂಡಿತ್ಯದ ಮೇಲೆ ಪರಿಚಿತ ಮಟ್ಟು ಕೇಳಿಬರುವುದೇ, ನನ್ನ ಮಟ್ಟಿಗೆ, ಸೊಗಸು.

ಹಾಡುತ್ತಿದ್ದವರು ಹೆಚ್ಚಾಗಿ ಶಾಲೆಯ ಹುಡುಗರು. ಗಾಯಕರೂ ವಾದಕರೂ ಸಾಲರೆಂದು 1730ರಲ್ಲಿ ನಗರಸಭೆಗೆ ಅರ್ಜಿ ಬರೆದನು. ಅದೇ ವರ್ಷ ಗೆಳೆಯನಿಗೆ ಬರೆದ ಕಾಗದದಲ್ಲಿ ಲೆಕ್ಕವೂ ಇದೆ: ವರಮಾನ ಸುಮಾರು 700 ಥಾಲರ್, ಹವೆ ಒಳ್ಳೆಯದಾಗಿ ಸಾವು ಕಡಿಮೆಯಾದರೆ ಶವಸಂಸ್ಕಾರದ ದಕ್ಷಿಣೆಗೆ ಖೋತಾ! ಬೇರೆ ಕೆಲಸ ಸಿಕ್ಕೀತೇ ಎಂದೂ ಕೇಳಿದ್ದನು. ಸಿಗಲಿಲ್ಲ, 1750ರಲ್ಲಿ ತೀರಿಕೊಳ್ಳುವವರೆಗೂ ಅದೇ ಹುದ್ದೆಯಲ್ಲಿದ್ದನು.