ಶಾಲೆಯ ಪುಸ್ತಕಭಂಡಾರದ ಬೀಗ



ವಿಜಯಪುರದ ಗೋಳಗುಮ್ಮಟವನ್ನೇರಿದ ಹುಡುಗನು ಮೊದಲು ಮಾಡುವ ಕೆಲಸವೆಂದರೆ ತನ್ನ ಹೆಸರನ್ನು ತಾನೇ ಕೂಗುವುದು. ಗುಮ್ಮಟವು ಆ ಕೂಗನ್ನು ಹಲವು ಸಲ ಹಿಂದಿರುಗಿಸುತ್ತದೆ. ಹುಡುಗನ ಸಂತೋಷಕ್ಕೆ ಪಾರವಿಲ್ಲ. ಜೊತೆಗೆ ಬಂದ ಉಪಾಧ್ಯಾಯರಿಗೂ ಒಮ್ಮೆ ಕೂಗಿ ನೋಡಬೇಕೆನಿಸುತ್ತದೆ. ಆದರೆ ಅಲ್ಲಿಂದ ಮರಳಿ ಬರುವುದು ನಾವು ಕೊಟ್ಟುದೇ ಹೊರತು ಅದಕ್ಕಿಂತ ಒಂದಕ್ಷರವೂ ಹೆಚ್ಚಿರುವುದಿಲ್ಲ. ಪಠ್ಯಪುಸ್ತಕವೊಂದನ್ನೇ ನಂಬಿದ ವಿದ್ಯಾಭ್ಯಾಸವೂ ಇಂತಹುದೇ. ತರಗತಿಯಲ್ಲಿ ಹೇಳಿದುದು ಪರೀಕ್ಷೆಯ ಕಾಗದದಲ್ಲಿ ಮರಳಿ ಬರುತ್ತದೆ. ನಾವು ಕಾಲೇಜಿನಲ್ಲಿ ಪಾಠ ಹೇಳುವವರು. ಈ ಮಾರ್ದನಿಯನ್ನು ವರ್ಷವರ್ಷವೂ ಕೇಳಿದವರು. ಪಾಠದಾಚೆಯ ಒಂದು ಪ್ರಶ್ನೆಯನ್ನು ಕೇಳಿದೊಡನೆ ತರಗತಿಯು ನಿಶ್ಶಬ್ದವಾಗುತ್ತದೆ. ತಪ್ಪು ವಿದ್ಯಾರ್ಥಿಗಳದೆಂದು ನಾವು ಹೇಳಲಾರೆವು. ತಾನಾಗಿ ಆರಿಸಿಕೊಂಡ ಒಂದೇ ಒಂದು ಪುಸ್ತಕವಾದರೂ ಕೈಗೆ ಬಾರದೆ ಶಾಲೆಯ ಹತ್ತು ವರ್ಷಗಳನ್ನು ಮುಗಿಸಿ ಬಂದವರು ಅವರಲ್ಲಿ ಬಹುಮಂದಿ.

ಹಾಗಾದರೆ ಶಾಲೆಗಳಲ್ಲಿ ಪುಸ್ತಕಗಳೇ ಇಲ್ಲವೆ? ಇವೆ. ತಿಕೋಟೆಯ ಕಡೆಯ ಒಂದು ಹಳ್ಳಿಯ ಶಾಲೆಗೆ ನಾವು ಒಮ್ಮೆ ಹೋಗಿದ್ದೆವು. ಸುತ್ತಲೂ ದ್ರಾಕ್ಷಿಯ ತೋಟಗಳು, ಒಣದ್ರಾಕ್ಷಿಯ ನೆರಳುಚಪ್ಪರಗಳು. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಒಂದು ಕಬ್ಬಿಣದ ಕಪಾಟು, ಕಪಾಟಿಗೆ ಬೀಗ. ನಮ್ಮ ಬಿನ್ನಹದ ಮೇಲೆ ಅದನ್ನು ತೆರೆದರು. ಮುನ್ನೂರರಷ್ಟು ಪುಸ್ತಕಗಳು ಕಟ್ಟಿದ ಹುರಿಯನ್ನೂ ಬಿಚ್ಚದೆ ಕುಳಿತಿದ್ದುವು. ಬೆಂಚು, ಗಡಿಯಾರ, ಬಕೆಟ್ಟುಗಳ ಸಾಲಿನಲ್ಲಿಯೇ ಅವುಗಳ ಲೆಕ್ಕವೂ ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಬರೆಯಲ್ಪಟ್ಟಿತ್ತು. ಹೆಸರಿಟ್ಟವರು ದೂರದೃಷ್ಟಿಯುಳ್ಳವರೇ ಸರಿ! ಮುಖ್ಯೋಪಾಧ್ಯಾಯರು ಸಜ್ಜನರು, ಸಂಕೋಚದಿಂದಲೇ ಹೇಳಿದರು: “ಒಂದು ಪುಸ್ತಕ ಕಳದರ ನಾ ಉತ್ತರ ಕೊಡಬೇಕ್ರಿ ಸರ. ಯಾರೂ ಓದಲಾರದ ಉಳಿದರ ಕೇಳಾವ್ರು ಯಾರೂ ಇಲ್ಲ.”

ಈ ಎರಡು ವಾಕ್ಯಗಳಲ್ಲಿ ರೋಗವೂ ಇದೆ, ರೋಗದ ಕಾರಣವೂ ಇದೆ. ಹಣದ ಅಭಾವ, ಸ್ಥಳದ ಅಭಾವ ಎಂದೆಲ್ಲ ನಾವು ಹೇಳುತ್ತಿರುತ್ತೇವೆ. ಅವೂ ನಿಜವೇ. ಆದರೆ ಇರುವ ಪುಸ್ತಕವು ಮಗುವಿನ ಕೈ ಸೇರದಂತೆ ಮಾಡುವುದು ಈ ಭಯ.

ಪುಸ್ತಕಭಂಡಾರವೆಂಬುದು ಈ ಸೀಮೆಗೆ ಹೊಸತಲ್ಲ. ಆದಿಲಶಾಹಿ ಅರಸರು ಪುಸ್ತಕಪ್ರಿಯರು. ಎರಡನೆಯ ಇಬ್ರಾಹಿಂ ಆದಿಲಶಹನಂತೂ ತಾನೇ ದಖನಿಯಲ್ಲಿ ಗೇಯಪದಗಳನ್ನು ರಚಿಸಿದವನು. ಅವರ ಅರಮನೆಯ ಹಸ್ತಪ್ರತಿಗಳಲ್ಲಿ, 1686ರಲ್ಲಿ ನಗರವು ಔರಂಗಜೇಬನ ವಶವಾದ ಮೇಲೆಯೂ ಉಳಿದಂಥವು ಅಸರ್ ಮಹಲಿನಲ್ಲಿದ್ದುವು. ಅವುಗಳಲ್ಲಿ 400ಕ್ಕೂ ಮಿಕ್ಕ ಗ್ರಂಥಗಳು 1853ರಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನ ಪುಸ್ತಕಾಲಯಕ್ಕೆ ಹೋದುವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿ ಸುರಕ್ಷಿತವಾಗಿವೆ. ಸುರಕ್ಷಿತವೆಂಬುದರಲ್ಲಿ ಸಂಶಯವಿಲ್ಲ, ವಿಜಯಪುರದ ಬಾಲಕನಿಗೆ ಅವು ಇದ್ದೂ ಇಲ್ಲದಂತೆ, ಅಷ್ಟೆ. ಕಬ್ಬಿಣದ ಕಪಾಟಿನೊಳಗಿನ ಪುಸ್ತಕವೂ ಅವನಿಂದ ಅಷ್ಟೇ ದೂರದಲ್ಲಿದೆ.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಇದೇ ಊರಿನದು. ವಕೀಲಿ ವೃತ್ತಿಗೆಂದು ಇಲ್ಲಿ ನೆಲೆಸಿದ ಫ. ಗು. ಹಳಕಟ್ಟಿಯವರ (1880–1964) ಕಾಲದಲ್ಲಿ ಶರಣರ ವಚನಗಳ ತಾಡವೋಲೆಯ ಕಟ್ಟುಗಳು ಎಷ್ಟೋ ಮನೆಗಳಲ್ಲಿ, ಮಠಗಳಲ್ಲಿ ದೇವರ ಜಗುಲಿಯ ಮೇಲಿದ್ದುವು. ಪೂಜೆಯು ತಪ್ಪದೆ ನಡೆಯುತ್ತಿತ್ತು. ಓದು ಮಾತ್ರ ನಡೆಯುತ್ತಿರಲಿಲ್ಲ. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಬೇಡಿ ತಂದರು; ಪ್ರತಿಮಾಡಿಕೊಂಡರು; 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಪೂಜೆಗೊಳ್ಳುತ್ತಿದ್ದ ಗ್ರಂಥವನ್ನು ಜಗುಲಿಯಿಂದಿಳಿಸಿ ಓದುವವನ ಕೈಗೆ ಕೊಟ್ಟುದೇ ಅವರು ಮಾಡಿದ ಕಾರ್ಯ. ಶಾಲೆಯ ಕಪಾಟಿಗೂ ಇಂತಹ ಒಬ್ಬ ವಕೀಲರು ಬೇಕಾಗಿದ್ದಾರೆ.

ಮಕ್ಕಳಿಗೆ ಓದಲು ರುಚಿಸುವಂಥದು ಕನ್ನಡದಲ್ಲಿಲ್ಲವೆಂದು ನಗರದ ತಾಯಿತಂದೆಗಳು ಹೇಳುವುದನ್ನು ಕೇಳಿದ್ದೇವೆ. ಈ ಜಿಲ್ಲೆಯಲ್ಲಿ ನಿಂತು ಆ ಮಾತನ್ನಾಡುವುದು ಸಾಹಸವೇ ಸರಿ. ಶಂ. ಗು. ಬಿರಾದಾರ, ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ ಮೊದಲಾದವರು ಮಕ್ಕಳಿಗಾಗಿ ಪದ್ಯಗಳನ್ನು ಬರೆದುದು ಇಲ್ಲಿಯೇ.

ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ನರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಇಷ್ಟು ಸರಳವಾದ ಮಾತನ್ನು ಸೂತ್ರವಾಗಿ ಬರೆಯಬೇಕಾಯಿತೆಂಬುದೇ ವಿಚಾರಾರ್ಹ. ಅದಕ್ಕೂ ಮುಂಚೆ ಬಡೋದೆಯ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ತಜ್ಞರನ್ನು ಕರೆಸಿ, ತಮ್ಮ ಸಂಸ್ಥಾನದ ಹಳ್ಳಿಹಳ್ಳಿಗೂ ಪುಸ್ತಕದ ಪೆಟ್ಟಿಗೆಗಳು ಸಂಚರಿಸುವಂತೆ ಮಾಡಿದರು. ನಮ್ಮಲ್ಲಿಯೂ 2020ರ ನವೆಂಬರಿನಲ್ಲಿ, ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಎಂಬ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಂಡುವು. ಒಳ್ಳೆಯದೇ. ಆದರೆ ಮಗುವು ದಿನದ ಬಹುಭಾಗವನ್ನು ಕಳೆಯುವುದು ಶಾಲೆಯಲ್ಲಿ. ಪುಸ್ತಕವೂ ಅಲ್ಲಿಯೇ ಸಿಕ್ಕಬೇಕು.

ಮೇಲೆ ಹೇಳಿದ ಶಾಲೆಗೆ ಮರುವರ್ಷ ಒಬ್ಬ ಉಪಾಧ್ಯಾಯಿನಿ ವರ್ಗವಾಗಿ ಬಂದರು. ಮಕ್ಕಳು ಅವರನ್ನು ಅಕ್ಕೋರು ಎನ್ನುತ್ತಾರೆ. ಅವರು ತರಗತಿಯ ಗೋಡೆಗೆ ಅಡ್ಡಲಾಗಿ ಹುರಿಯನ್ನು ಕಟ್ಟಿ, ಒಗೆದ ಬಟ್ಟೆಯನ್ನು ಹರವುವಂತೆ ಪುಸ್ತಕಗಳನ್ನು ಅದರ ಮೇಲೆ ಹರವಿದರು. ಕಪಾಟಿನ ಬೀಗದ ಕೈಯನ್ನು ಏಳನೆಯ ತರಗತಿಯ ಒಬ್ಬ ಹುಡುಗಿಗೆ ಕೊಟ್ಟರು. ಶನಿವಾರ ಪುಸ್ತಕವು ಮನೆಗೆ ಹೋಗುವುದು, ಮುಂದಿನ ಶನಿವಾರ ಬರುವುದು. ರಜಿಸ್ಟರಿನ ಪಕ್ಕದಲ್ಲಿ ಎರಡಾಣೆಯ ನೋಟುಬುಕ್ಕೆಂದು ನಾವು ಹಳೆಯ ಕಾಲದಲ್ಲಿ ಕರೆಯುತ್ತಿದ್ದಂತಹ ಒಂದು ತೆಳ್ಳನೆಯ ಪುಸ್ತಕ. ಅದರಲ್ಲಿ ಹುಡುಗಿಯ ಕೈಬರಹದ ಲೆಕ್ಕ. ಮುಖ್ಯೋಪಾಧ್ಯಾಯರು, ಪಾಪ, ಆರು ತಿಂಗಳು ಸರಿಯಾಗಿ ನಿದ್ರೆ ಮಾಡಲಿಲ್ಲವಂತೆ.

ನಷ್ಟವಾಗಲಿಲ್ಲವೆ? ಆಯಿತು. ಕೆಲವು ಪುಸ್ತಕಗಳು ಅರಿಸಿನದ ಕಲೆಯೊಡನೆ ಮರಳಿದುವು. ಎಂದರೆ ಒಲೆಯ ಮುಂದೆ ಯಾರೋ ಓದಿಸಿ ಕೇಳಿದ್ದಾರೆಂದಾಯಿತು. ಇನ್ನೊಂದು ಪುಸ್ತಕವು, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಟ ಸಂಸಾರದೊಡನೆ ಗುಳೆ ಹೋಯಿತು. ಯುಗಾದಿಯ ಹೊತ್ತಿಗೆ ಅದೂ ಹಿಂದಿರುಗಿತು, ಕೊನೆಯ ನಾಲ್ಕು ಪುಟಗಳನ್ನು ಬಿಟ್ಟು. ತೆಗೆದುಕೊಂಡು ಹೋಗಿದ್ದ ಹುಡುಗನಿಗೆ ದಂಡವೇನು ಎಂಬ ಪ್ರಶ್ನೆಯೆದ್ದಿತು. ಹುಡುಗಿಯು ಅವನ ಹೆಸರಿನ ಮುಂದೆ ‘ಬಂತು’ ಎಂದು ಬರೆದು ಪುಟವನ್ನು ಮಗುಚಿದಳು.

ಪುಸ್ತಕದಾನ ಮಾಡುವ ಮಹನೀಯರಿಗೆ ಒಂದು ಮಾತು. ಹಳೆಯ ಪರೀಕ್ಷಾ ಗೈಡುಗಳು, ಕಾನೂನಿನ ವರದಿಗಳು, ಹೋದ ಸಾಲಿನ ಪಂಚಾಂಗಗಳು, ಇವನ್ನು ಶಾಲೆಗೆ ಕೊಟ್ಟು ಮನೆಯನ್ನು ಚೊಕ್ಕಟ ಮಾಡಿಕೊಳ್ಳುವ ಪದ್ಧತಿಯನ್ನು ದಯವಿಟ್ಟು ಬಿಡಬೇಕು. ಏನು ಕಳುಹಿಸಲೆಂದು ಮಕ್ಕಳನ್ನೇ ಕೇಳಬೇಕು. ನಾವು ಆ ಹುಡುಗಿಯನ್ನು ಕೇಳಿದೆವು. ಅವಳು ಯೋಚಿಸಿ, ನೋಟುಬುಕ್ಕಿನ ಹಾಳೆಯೊಂದನ್ನು ಹರಿದು ಬರೆದುಕೊಟ್ಟಳು: ದೆವ್ವದ ಕಥೆಗಳು, ನಕ್ಷತ್ರಗಳ ವಿಷಯ, ಕ್ರಿಕೆಟ್ಟು, ಗೆಳತಿಗಾಗಿ ಉರ್ದುವಿನಲ್ಲಿ ಎರಡು, ಮತ್ತು ಗುಳೆ ಹೋಗಿ ಬಂದ ಆ ಪುಸ್ತಕದ ಇನ್ನೊಂದು ಪ್ರತಿ.