ಆಟದ ಪರದೆಯ ಮೇಲಿನ ವೀರವನಿತೆ

ವೀರವನಿತೆಯೆಂದರೆ ಯಾರೆಂಬುದನ್ನು ಕಟಕೋಳದ ಸುತ್ತಿನ ಮಕ್ಕಳಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಇದೇ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ೧೮೨೪ರ ಅಕ್ಟೋಬರ್ ೨೩ರಂದು ಕಲೆಕ್ಟರ್ ಥ್ಯಾಕರೆ ಮಡಿದನು. ಸೆರೆಯಾದ ರಾಣಿ ಚೆನ್ನಮ್ಮ ೧೮೨೯ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಸಮಾಧಿಯೂ ಅಲ್ಲಿಯೇ ಇದೆ. ಬೆಳವಡಿಯ ಮಲ್ಲಮ್ಮನೂ ಈ ಸೀಮೆಯವಳೇ. ಜನರು ಚೆನ್ನಮ್ಮನ ಮೂರ್ತಿ ನಿಲ್ಲಿಸಿದಾಗ ಆಕೆಗೆ ಕುದುರೆ ಕೊಟ್ಟರು, ಖಡ್ಗ ಕೊಟ್ಟರು. ನೋಡುವವನ ಕಣ್ಣು ಆ ಖಡ್ಗದ ಮೇಲೆಯೇ ನಿಲ್ಲುತ್ತದೆ.

ಈಗ ಮಕ್ಕಳ ಕೈಗೆ ಮೊಬೈಲು ಬಂದಿದೆ. ಅದರೊಡನೆ ವಿಡಿಯೋ ಆಟಗಳೂ ಬಂದಿವೆ. ಅಲ್ಲಿಯೂ ವೀರವನಿತೆಯರುಂಟು. ಆದರೆ ಎಷ್ಟೋ ಆಟಗಳಲ್ಲಿ ಗಂಡಾಳಿಗೆ ಅಡಿಯಿಂದ ಮುಡಿಯವರೆಗೆ ಉಕ್ಕಿನ ಕವಚ. ಜೊತೆಗೆ ನಿಂತ ಹೆಣ್ಣಿಗೆ ಎದೆಗೊಂದು, ಸೊಂಟಕ್ಕೊಂದು ತುಂಡು. ಬಾಣ ನಾಟುವ ಹೊಟ್ಟೆಯೇ ಬಯಲು!

ಇದು ಬರಿಯ ಬಟ್ಟೆಯ ಅಳತೆಯ ಮಾತಲ್ಲ. ಗರಡಿಯ ಪೈಲವಾನನು ಲಂಗೋಟಿಯಲ್ಲಿಯೇ ಕಣಕ್ಕಿಳಿಯುತ್ತಾನೆ. ಹೊಲದಲ್ಲಿ ದುಡಿಯುವ ತಾಯಿ ಸೀರೆಯನ್ನು ಮೇಲೆತ್ತಿ ಕಚ್ಚೆ ಬಿಗಿಯುತ್ತಾಳೆ. ಆ ಉಡುಪು ಅವರವರ ಕೆಲಸಕ್ಕೆ ತಕ್ಕದ್ದು. ಪೆಟ್ಟು ತಡೆಯದ ಈ ಕವಚವಾದರೋ ತೊಟ್ಟವಳಿಗಾಗಿ ಇಲ್ಲ, ನೋಡುವವನಿಗಾಗಿ ಇದೆ. ದೋಷವಿರುವುದು ಇಲ್ಲಿ.

ಈ ಚಾಳಿ ಹಳೆಯದು. ೧೯೮೧ರ ಜಪಾನಿನ ‘ಡಾಂಕಿ ಕಾಂಗ್’ ಆಟದಲ್ಲಿ ದೈತ್ಯವಾನರನು ಒಬ್ಬಳನ್ನು ಹೊತ್ತೊಯ್ಯುತ್ತಾನೆ. ಬಿಡಿಸಿಕೊಳ್ಳುವವನು ಗಂಡಸು, ಕೂಗಿಕೊಳ್ಳುವುದಷ್ಟೇ ಆಕೆಯ ಪಾಲು. ೧೯೮೬ರ ‘ಮೆಟ್ರಾಯ್ಡ್’ನಲ್ಲಿ ಕವಚ ತೊಟ್ಟು ಹೋರಾಡಿದ ಯೋಧ ಹೆಣ್ಣೆಂಬುದು ಕೊನೆಗೆ ತಿಳಿಯುತ್ತದೆ. ಮೆಚ್ಚತಕ್ಕ ಮಾತೇ ಸರಿ. ಆದರೆ ಆಟವನ್ನು ತೀರ ಬೇಗ ಮುಗಿಸಿದವನಿಗೆ ಆಕೆ ತೀರ ಕಡಿಮೆ ಉಡುಪಿನಲ್ಲಿ ಕಾಣಿಸುತ್ತಾಳೆ. ಗೆದ್ದವಳೇ ಬಹುಮಾನದ ವಸ್ತುವಾದಳು!

“ನಮ್ಮ ಸಿನಿಮಾಗಳಲ್ಲಿ ಇದಿಲ್ಲವೆ?” ಎಂದು ತಾವು ಕೇಳಬಹುದು. ಧಾರಾಳವಾಗಿ ಇದೆ. ಆದರೆ ಸಿನಿಮಾವನ್ನು ನೋಡುತ್ತೇವೆ, ಆಟವನ್ನು ಆಡುತ್ತೇವೆ. ಪರದೆಯ ಗೊಂಬೆಯನ್ನು ಹುಡುಗನ ಬೆರಳೇ ನಡೆಸುತ್ತದೆ, ತಿರುಗಿಸುತ್ತದೆ. ಒಂದೇ ಆಟವನ್ನು ನೂರು ಸಲ ಆಡಿದಾಗ ನೋಟವೇ ರೂಢಿಯಾಗುತ್ತದೆ.

ಆ ರೂಢಿಯನ್ನು ಪ್ರಶ್ನಿಸಿದವರ ಪಾಡೇನು? ಅಮೇರಿಕೆಯ ವಿಮರ್ಶಕಿ ಅನೀಟಾ ಸರ್ಕೀಸಿಯನ್ ಇದೇ ವಿಷಯವನ್ನು ಕುರಿತು ಮಾತನಾಡಿದ್ದಕ್ಕೆ ಕೊಲೆಬೆದರಿಕೆಗಳು ಬಂದವು. ೨೦೧೪ರಲ್ಲಿ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಗಬೇಕಿದ್ದ ಉಪನ್ಯಾಸವನ್ನೇ ಕೈಬಿಡಬೇಕಾಯಿತು. ಇಂದಿಗೂ ಎಷ್ಟೋ ಹೆಣ್ಣುಮಕ್ಕಳು ಗಂಡುಹೆಸರಿಟ್ಟುಕೊಂಡು, ದನಿ ಕೇಳಿಸದಂತೆ ಆಡುವುದುಂಟು. ಗೊಂಬೆಗೆ ಸಲ್ಲದ ಮರ್ಯಾದೆ ಆಡುವವಳಿಗೂ ಸಲ್ಲುತ್ತಿಲ್ಲವೆಂದಾಯಿತು.

ಬೇರೆ ದಾರಿಯೂ ಉಂಟು. ಪುಣೆಯಲ್ಲಿ ತಯಾರಾಗಿ ೨೦೨೦ರಲ್ಲಿ ಬಂದ ‘ರಾಜಿ’ ಎಂಬ ಆಟದಲ್ಲಿ ರಕ್ಕಸರು ಹೊತ್ತೊಯ್ದ ತಮ್ಮನನ್ನು ಅಕ್ಕನೇ ಅರಸಿ ಹೊರಡುತ್ತಾಳೆ; ಅವಳ ಕೈಯಲ್ಲಿರುವುದು ದುರ್ಗೆಯು ಕೊಟ್ಟ ತ್ರಿಶೂಲ. ಬಿಡಿಸಿಕೊಳ್ಳುವವಳು ಹೆಣ್ಣಾದರೆ ಆಟದ ರುಚಿಯೇನೂ ಕೆಡುವುದಿಲ್ಲ. ೧೯೯೬ರಿಂದ ಹೆಸರಾದ ಲಾರಾ ಕ್ರಾಫ್ಟಳನ್ನು ಸಹ ೨೦೧೩ರಲ್ಲಿ ಹೆಚ್ಚು ಸಹಜವಾದ ಮೈಕಟ್ಟಿನಲ್ಲಿ ತಿದ್ದಿ ತೋರಿಸಿದರು.

ತಾಯಂದಿರೆ, ತಂದೆಗಳೆ, ಮೊಬೈಲನ್ನು ಕಸಿದುಕೊಂಡರೆ ಮಗು ನೆರೆಮನೆಯ ಮೊಬೈಲು ಹುಡುಕೀತು. ಅದಕ್ಕಿಂತ, ಒಂದು ಸಂಜೆ ಪಕ್ಕದಲ್ಲಿ ಕುಳಿತು ಆಟ ನೋಡಿರಿ. ಪರದೆಯ ಮೇಲೆ ಅಂಥ ಯೋಧಳು ಬಂದಾಗ ಮೆಲ್ಲಗೆ ಒಂದು ಮಾತು ಕೇಳಿರಿ: “ತಮ್ಮಾ, ಇದನ್ನು ತೊಟ್ಟುಕೊಂಡು ನಮ್ಮ ಚೆನ್ನಮ್ಮ ದಂಡಿನ ಎದುರು ಹೋಗುತ್ತಿದ್ದಳೇನು?” ಹುಡುಗ ನಕ್ಕಾನು. ನಕ್ಕ ಮೇಲೆ ಯೋಚಿಸಿಯೂ ಯೋಚಿಸಿಯಾನು. ಮನೆಯ ಮಗಳು ಆ ಪ್ರಶ್ನೆ ಕೇಳಿಸಿಕೊಂಡರೆ ಅದೂ ಒಳ್ಳೆಯದೇ.